ಕ್ಯಾಸೆಟ್ಟಿನ ಹುಡುಗಿ

ಅಪ್ಪ ಎರಡನೇ ಪಾಳಿಗೆ ಹೋದ ದಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಮೇಲೆ ಪಾತ್ರೆ ತೊಳೆಯುವಂತಿರಲಿಲ್ಲ. ಲೋಟ ನೆಲಕ್ಕೆ ತಾಗಿದರೂ ಟೇಪಿಗೆ ಬೀಳುತ್ತದೆ ಎಂದು ಅಣ್ಣ ಹೇಳುತ್ತಿದ್ದ. ಒಮ್ಮೆ ಅಮ್ಮ ಸೀನಿದ್ದು ಒಂದು ಹಾಡಿನ ನಡುವೆ ಹಾಗೇ ಉಳಿದುಬಿಟ್ಟಿತ್ತು. ಅದನ್ನು ಹಾಕಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದವಳು ಅಮ್ಮನೇ.

ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿ ನಮಗೆ ಸಿಕ್ಕಿದ್ದು ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಬಚ್ಚಲು. ಅಪ್ಪ ಮಂಜುನಾಥಪ್ಪ ಪವರ್ ಹೌಸಿನಲ್ಲಿ ಹೆಲ್ಪರ್. ಅಣ್ಣ ಗಣೇಶಮೂರ್ತಿ ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸವಿಲ್ಲದೆ ಕೂತು, ಕಾಲೊನಿಯ ಮೂವರು ಹುಡುಗರನ್ನು ಸೇರಿಸಿಕೊಂಡು ಒಂದು ಆರ್ಕೆಸ್ಟ್ರಾ ಕಟ್ಟಿದ್ದ. ಅವರ ಹತ್ತಿರ ಇದ್ದದ್ದು ಒಂದು ಬುಲ್‌ಬುಲ್ ತರಂಗ್, ಒಂದು ಮೌತ್ ಆರ್ಗನ್, ಮತ್ತು ಆಡಿನ ಚರ್ಮ ಬಿಗಿದ ದೊಡ್ಡ ಡಾಲ್ಡಾ ಡಬ್ಬ. ಟೇಪ್ ರೆಕಾರ್ಡರು ಕ್ಯಾಂಟೀನಿನ ಮುಕುಂದಯ್ಯನವರದು. ಅದಕ್ಕೆ ಬಾಡಿಗೆಯಾಗಿ ಹುಡುಗರು ಅವರ ಕ್ಯಾಂಟೀನಿಗೆ ಸೌದೆ ಒಡೆದು ಕೊಡುತ್ತಿದ್ದರು.

ಟೇಪನ್ನು ನೆಲದ ಮೇಲಿಟ್ಟರೆ ಡಬ್ಬ ಬಡಿದಾಗ ಅದುರುತ್ತದೆಂದು ಬಟ್ಟೆ ಒಣಹಾಕುವ ಹಗ್ಗಕ್ಕೆ ತೂಗುಹಾಕುತ್ತಿದ್ದರು. ಕಿಟಕಿಗೆಲ್ಲ ಕೌದಿ. ಯಾರ ಸದ್ದು ಎಷ್ಟು ಕೇಳಬೇಕೋ ಅಷ್ಟು ದೂರದಲ್ಲಿ ಅವರವರು ಕೂರಬೇಕು. ಅದಕ್ಕಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು. ಡಬ್ಬ ಬಾರಿಸುವ ಜಟ್ಟಿಂಗಪ್ಪ ಹಿಂಬಾಗಿಲ ಹೊಸ್ತಿಲ ಆಚೆ. ಅಣ್ಣ ಮಾತ್ರ ಬಚ್ಚಲ ಬಾಗಿಲಲ್ಲಿ. ನೀರು ಕಾಯಿಸುವ ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಿ, ಬರಿದು ಮಾಡಿ, ಮಗ್ಗುಲಿಗೆ ಮಲಗಿಸಿ, ಅದರ ಬಾಯಿಗೆ ಮುಖ ಕೊಟ್ಟು ಹಾಡುತ್ತಿದ್ದ. ಹಾಗೆ ಹಾಡಿದರೆ ದೊಡ್ಡ ಸ್ಟುಡಿಯೋದಲ್ಲಿ ಹಾಡಿದಂತೆ ದನಿ ಗುಂಯ್ ಎನ್ನುತ್ತಿತ್ತು.

ಸಾಗರದ ಒಂದು ಸೌಂಡ್ ಸರ್ವಿಸಿನವರು ಗಣಪತಿ ಹಬ್ಬಕ್ಕೆ ಹೊಸ ಆರ್ಕೆಸ್ಟ್ರಾ ಹುಡುಕುತ್ತಿದ್ದರು. ಆದರೆ ಒಂದು ಮಾತು ಹೇಳಿದ್ದರು: "ಹೆಣ್ ದನಿ ಇದ್ರೆ ಮಾತ್ರ ಕ್ಯಾಸೆಟ್ ತನ್ನಿ. ಬರೀ ಗಂಡುಸ್ರು ಕೂಗೋದು ಯಾರ್ ಕೇಳ್ತಾರೆ?"

ಕಾಲೊನಿಯಲ್ಲಿ ಯಾರೂ ಮಗಳನ್ನು ಕಳಿಸಲಿಲ್ಲ. ಕೊನೆಗೆ ಹೆಣ್ಣು ದನಿಯನ್ನೂ ಅಣ್ಣನೇ ಹಾಡಿದ. ಮೊದಲ ದಿನ ಹಂಡೆಯೊಳಗಿಂದ ಆ ದನಿ ಬಂದಾಗ ಜಟ್ಟಿಂಗಪ್ಪ ಬಾರಿಸುವುದನ್ನು ಬಿಟ್ಟು ಒಳಗೆ ಇಣುಕಿದ್ದ.

"ಎಂತಾ ಮಾರಾಯ, ಒಳಗೆ ಯಾರನ್ನ ಕೂರ್ಸಿದೀಯ?"

"ಡಬ್ಬ ಬಡಿಯಾ ಸುಮ್ನೆ."

ಕ್ಯಾಸೆಟ್ಟಿನ ಕೊನೆಯಲ್ಲಿ ಇನ್ನೂ ಸ್ವಲ್ಪ ಜಾಗ ಉಳಿಯಿತು. ಅಲ್ಲಿ ಅಣ್ಣ ನಮ್ಮ ಕಡೆಯ ಹಸೆ ಪದ ಹಾಡಿದ. ಮದುವೆ ಹೆಣ್ಣನ್ನು ಹಸೆಗೆ ಕರೆಯುವಾಗ ಹೆಂಗಸರು ಹೇಳುವ ಪದ ಅದು. ನಮ್ಮ ಅಜ್ಜಿ ಕೆರಿಯಮ್ಮ ಆ ಪದಕ್ಕೆ ಸುತ್ತಲ ಊರಿಗೆಲ್ಲ ಹೆಸರಾದವಳು. ಆ ತಿಂಗಳು ಅವಳು ತಾಳಗುಪ್ಪದಲ್ಲಿದ್ದ ನಮ್ಮ ಅತ್ತೆಯ ಮನೆಗೆ ಹೋಗಿದ್ದಳು.

ಮುತ್ತಿನ ಸೆರಗ ಹೊದ್ದು ಮೆಲ್ಲಗೆ ಬಾ ತಂಗಿ
ನೆರೆದವರ ಕಣ್ಣು ಬಿದ್ದಾವು

ಎಂದು ಶುರುಮಾಡಿದ ಅಣ್ಣ ಸೊಲ್ಲಿನ ಮೇಲೆ ಸೊಲ್ಲು ಹೇಳುತ್ತ ಹೋದ. ಕೊನೆಗೆ,

ಹುಟ್ಟಿದ ಮನೆಗೆ ಕೈಮುಗಿದು ಏಳ ತಂಗಿ
ತಿರುಗಿ ನೋಡಬೇಡ ಬಾಗಿಲ

ಎಂಬುದನ್ನೂ ಹಾಡಿಬಿಟ್ಟ. ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ಆ ಕೊನೆಯ ಸೊಲ್ಲನ್ನು ಹಸೆಯ ಮೇಲೆ ಹುಡುಗಿ ಕೂತಿಲ್ಲದಾಗ ಬಾಯಿಗೆ ತರಬಾರದೆಂಬುದು ಅಜ್ಜಿಯ ಕಟ್ಟು. ಮನೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವಾಗಲೂ ಅದನ್ನು ಬಿಟ್ಟೇ ಕಲಿಸುತ್ತಾಳೆ. ಆದರೆ ಟೇಪು ತಿರುಗುತ್ತಿತ್ತು, ಬಾಯಿ ಬಿಡುವಂತಿರಲಿಲ್ಲ. ಅಮ್ಮನೂ ಸೆರಗನ್ನು ಬಾಯಿಗಿಟ್ಟುಕೊಂಡು ನನ್ನ ಮುಖ ನೋಡಿದಳು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ನೆಲದ ಗೆರೆ ನೋಡಿದ.

"ಇದೆಂತ, ಮನೆ ಒಳಗೆ ಕುಂಟಬಿಲ್ಲೆ ಆಡ್ತೀರಾ?"

"ಪ್ರಾಕ್ಟೀಸು," ಎಂದ ಅಣ್ಣ.

"ಪವರ್ ಹೌಸಲ್ಲಿ ಟೆಂಪರರಿ ತಗಂತಾರಂತೆ. ಅರ್ಜಿ ಕೊಟ್ಯಾ?"

"ಕೊಡ್ತೀನಪ್ಪ."

"ಕೊಡ್ತೀನಿ, ಕೊಡ್ತೀನಿ. ಡಬ್ಬ ಬಡ್ಯೋಕೆ ಮಾತ್ರ ನಾಳೆ ಅಂತ ಇಲ್ಲ ನಿಂಗೆ. ದುಗ್ಗೀ, ಇವ್ನಿಗೆ ಇನ್ನೊಂದ್ ತುಂಡು ಮೀನು ಹಾಕು, ಬಡಿದು ಬಡಿದು ಸುಸ್ತಾಗೈತೆ ಪಾಪ."

ಅಮ್ಮ ನಿಜವಾಗಿಯೂ ಹಾಕಿದಳು. ಅಪ್ಪ ಗುರ್ರೆಂದು ಅವಳನ್ನು ನೋಡಿದ.

ಮುಂದಿನ ವಾರ ಜಟ್ಟಿಂಗಪ್ಪ ಸಾಗರಕ್ಕೆ ಹೋಗಿ ಕ್ಯಾಸೆಟ್ಟು ಕೊಟ್ಟು ಬಂದ. ಸೌಂಡ್ ಸರ್ವಿಸಿನವರಿಗೆ ಬಹಳ ಹಿಡಿಸಿದೆಯೆಂದ. ಆಮೇಲೆ ಅಣ್ಣನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನೋ ಪಿಸುಗುಟ್ಟಿದ. ಅಣ್ಣ ಅವನ ಕಾಲರು ಹಿಡಿದದ್ದು ಕಿಟಕಿಯಿಂದ ಕಂಡಿತು. ಯಾಕೆಂದು ಆಗ ನನಗೆ ತಿಳಿಯಲಿಲ್ಲ.

ಅಮ್ಮನಿಗೆ ದವಡೆ ಹಲ್ಲು ನೋವು ಜೋರಾಯಿತು. ಅದನ್ನು ಕೀಳಿಸಲು ನಾನೇ ಅವಳ ಜೊತೆ ಸಾಗರಕ್ಕೆ ಹೋದೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಬಸ್ಸು ಹತ್ತುವುದೇ ಇಂಥ ಕೆಲಸಗಳಿಗೆ. ಹಲ್ಲು ಕಿತ್ತು ಬಾಯಿಗೆ ಹತ್ತಿ ತುರುಕಿ, ಮಾತಾಡಬೇಡಿ ಎಂದು ಕಳಿಸಿದರು. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಆ ಸೌಂಡ್ ಸರ್ವಿಸಿನ ಅಂಗಡಿಯ ಮುಂದಿನ ದೊಡ್ಡ ಹಾರ್ನಿನಿಂದ ಹಸೆ ಪದ ಬರುತ್ತಿತ್ತು. ಜನ ನಿಂತು ಕೇಳುತ್ತಿದ್ದರು. ಪಕ್ಕದಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಅಲ್ಲಿದ್ದವನೊಬ್ಬ ಕೈಯಲ್ಲಿ ತಾಮ್ರದ ತಂತಿ ಹಿಡಿದುಕೊಂಡು, ಕಣ್ಣು ಮುಚ್ಚಿ, ಸುತ್ತುವುದನ್ನೇ ಮರೆತಿದ್ದ.

ಅಮ್ಮನಿಗೂ ಆ ದನಿ ಇಂಪಾಗಿ ಕೇಳಿಸಿರಬೇಕು, ನಿಂತಳು. ರಸ್ತೆಯಲ್ಲಿ, ಅಷ್ಟು ದೊಡ್ಡ ಹಾರ್ನಿನಲ್ಲಿ ಕೇಳುತ್ತಿದ್ದುದರಿಂದ ಗುರುತು ಸಿಕ್ಕಿರಲಿಲ್ಲ. ಅಷ್ಟರಲ್ಲಿ ವೋಲ್ಟೇಜು ಇಳಿದು ಟೇಪು ಎಳೆಯತೊಡಗಿತು. ಮದುವಣಗಿತ್ತಿಯನ್ನು ಕರೆಯುತ್ತಿದ್ದ ಹೆಂಗಸಿನ ದನಿ ನಿಧಾನಕ್ಕೆ ದಪ್ಪಗಾಗಿ, ದಪ್ಪಗಾಗಿ, ಕೊನೆಗೆ ನಮ್ಮ ಗಣೇಶಮೂರ್ತಿ ನಿದ್ದೆಗಣ್ಣಲ್ಲಿ ಕಾಫಿ ಕೇಳುವಾಗಿನ ದನಿಯಾಯಿತು. ಜನ ಹೋ ಎಂದು ನಕ್ಕರು. ಅಮ್ಮ ನನ್ನ ಕೈ ಹಿಡಿದಳು. ಮನೆಗೆ ಬಂದು ನೋಡಿದರೆ ಅವಳ ಉಗುರಿನ ಗುರುತು ಚರ್ಮದ ಮೇಲೆ ಮೂಡಿತ್ತು.

ಬಾಗಿಲಲ್ಲೇ ಹತ್ತಿ ಉಗಿದು ಅಮ್ಮ ಅಣ್ಣನ ಮೇಲೆ ಹರಿಹಾಯ್ದಳು.

"ಬೀದಿಯಾಗೆ! ಹಸೆ ಪದ! ಅದೂ ಬಸ್ ಸ್ಟ್ಯಾಂಡ್ ಎದ್ರಿಗೆ! ನಿಮ್ ಅಜ್ಜಿಗೆ ಗೊತ್ತಾದ್ರೆ ನೇಣು ಹಾಕ್ಕಂತಾಳೆ!"

"ನಾ ಎಂತ ಮಾಡ್ಲಿ? ಅವ್ರು ಅಷ್ಟ್ ಜೋರಾಗಿ ಹಾಕ್ತಾರೆ ಅಂತ ಗೊತ್ತಿತ್ತಾ?"

"ನಿಮ್ಮಪ್ಪಂಗೆ ಹೇಳ್ಬ್ಯಾಡ. ನಾನೂ ಹೇಳಲ್ಲ. ಏ ಮಾಲು, ನೀನಂತೂ ಹೇಳೋಳಲ್ಲ ಬಿಡು."

ಮಹಾಲಕ್ಷ್ಮೀ ಎಂಬ ನನ್ನ ಹೆಸರು ಮನೆಯಲ್ಲಿ ಮಾಲು. ನಾನು ಯಾರಿಗೂ ಏನೂ ಹೇಳುವವಳಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದೇ ಕಾರಣಕ್ಕೆ ಎರಡು ಸಂಬಂಧ ತಪ್ಪಿಹೋಗಿದ್ದವು. "ಹುಡುಗಿಗೆ ಬಾಯಿ ಬರ್ತದಾ?" ಎಂದು ಅವರು ಕೇಳಿದ್ದರು.

ಒಂದು ಸಂಜೆ ಅಪ್ಪ ಕ್ಯಾಂಟೀನಿನಿಂದ ಜಿಲೇಬಿ ಕಟ್ಟಿಸಿಕೊಂಡು ಬಂದ. ಅಪ್ಪ ಸಿಹಿ ತಂದದ್ದನ್ನು ನಾನು ನೋಡಿದ್ದು ಕಡಿಮೆ. ಮುಖದ ತುಂಬ ನಗು.

"ನಮ್ಮನೇಲಿ ಇಂಥಾ ಹಾಡುಗಾರ್ತಿ ಇದ್ದು ನಂಗೇ ಗೊತ್ತಿಲ್ಲ ನೋಡು! ಮುಕುಂದಯ್ನೋರು ಎಲ್ಲಾರ ಎದ್ರಿಗೆ ಹೇಳ್ದಾಗ ನಾನೇ ಪೆದ್ದು ಆದೆ. ಹೊಸನಗರದ ಕಡೆ ಹುಡುಗ, ಹೂವಪ್ಪ ಅಂತ. ಸಾಗರದಾಗೆ ಮೋಟಾರ್ ವೈಂಡಿಂಗ್ ಅಂಗಡಿ ಐತೆ. ಮಾಲು ಹಾಡಿದ್ದು ಕೇಳಿ ಮದುವೆ ಆದ್ರೆ ಇವಳನ್ನೇ ಅಂತ ಕೂತಾನಂತೆ!"

ಅಮ್ಮನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು.

"ಮಾಲು ಹಾಡಿದ್ದು ಅಂತ ಯಾರು ಹೇಳಿದ್ದು?"

"ಜಟ್ಟಿಂಗಪ್ಪ. ಅಂಗಡಿಯೋರು ಯಾರು ಈ ಹುಡುಗಿ ಅಂತ ಕೇಳಿದಾರೆ, ಗಣೇಶನ ತಂಗಿ ಅಂದಾನೆ. ಇದ್ರಲ್ಲಿ ತಪ್ಪೆಂತ? ನಮ್ಮಲ್ಲಿ ಹೆಂಗಸ್ರು ಪದ ಹೇಳೋದು ಇವತ್ತು ನಿನ್ನೇದಾ? ಅವ್ರ ತಾಯಿ ಗುತ್ಯಮ್ಮ ಇದಾರಲ್ಲ, ಅವ್ರೂ ದೊಡ್ಡ ಹಾಡುಗಾರ್ತಿ. ಗಂಟಲು ಆಪರೇಷನ್ ಆಗಿ ದನಿ ಹೋತಂತೆ. ಪದ ಉಳಿಸ್ಕಂಡು ಹೋಗೋ ಸೊಸೇನೇ ಬೇಕು ಅಂತ ಕಾಯ್ತಿದ್ರಂತೆ. ಬಾ ಮಗಾ, ಬಾಯಿ ಸಿಹಿ ಮಾಡು."

ನಾನು ಅಲ್ಲಾಡಲಿಲ್ಲ. ಬಚ್ಚಲ ಬಾಗಿಲಲ್ಲಿ ಅಣ್ಣ ನಿಂತಿದ್ದ.

"ಅದು ನಾನು ಅಪ್ಪ."

"ಎಂತ ನೀನು?"

"ಹಾಡಿದ್ದು."

ಅಪ್ಪ ನಕ್ಕ. "ನಾ ಹೇಳ್ತಿರೋದು ಹೆಣ್ಣು ಹಾಡಿದ್ದು ಕಣಾ."

ಅಣ್ಣ ಹಂಡೆಯೂ ಇಲ್ಲದೆ, ಗೋಡೆ ನೋಡಿಕೊಂಡು, ಪದದ ಮೊದಲ ಸಾಲು ಹಾಡಿದ. ಅಪ್ಪನ ಕೈಯಲ್ಲಿದ್ದ ಜಿಲೇಬಿಯಿಂದ ಪಾಕ ಮೊಣಕೈವರೆಗೆ ಇಳಿಯಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ. ಎದ್ದು ಹೋಗಿ ಮುಂಬಾಗಿಲು ಹಾಕಿದ. ಆಮೇಲೆ ಒಂದೊಂದಾಗಿ ಕಿಟಕಿ ಹಾಕಿದ.

"ಯಾರ್ಯಾರಿಗೆ ಗೊತ್ತು ಇದು?"

"ನಮ್ ಹುಡುಗ್ರಿಗೆ. ಅಮ್ಮಂಗೆ. ಮಾಲೂಗೆ."

"ಅಲ್ಲಿಗೇ ನಿಲ್ಲಬೇಕು. ನಾಳೆ ಪವರ್ ಹೌಸಲ್ಲಿ ಜನ ನನ್ನ ಎಂತ ಕೇಳ್ತಾರೆ? ನಿನ್ ಮಗ ಸೀರೇನೂ ಉಡ್ತಾನಾ ಅಂತ ಕೇಳ್ತಾರೆ. ಇನ್ಮೇಲೆ ಹಾಡಿದ್ದು ಮಾಲು. ಕೇಳ್ತಾ? ಮಾಲು."

"ಅದ್ಹೆಂಗೆ ಆಗ್ತದೆ ಅಪ್ಪ? ನಾಳೆ ಹಾಡು ಅಂದ್ರೆ?"

"ನಿಮ್ಮಜ್ಜಿ ಬಂದು ಕಲಿಸ್ತಾಳೆ. ಮೂರು ಗಂಟು ಬಿದ್ದ ಮೇಲೆ ಯಾರ್ ಕೇಳ್ತಾರೆ? ದನಿ ಒಡೀತು ಅಂದ್ರಾಯ್ತು. ಅವ್ರ ತಾಯೀದೂ ಒಡೆದಿಲ್ವಾ?"

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಪ್ಪ ಕೈ ತೊಳೆಯಲು ಹೋದ. ನಾನು ಜಿಲೇಬಿಯ ಪೊಟ್ಟಣವನ್ನು ಡಬ್ಬಿಗೆ ಹಾಕಿ ಇರುವೆ ಬಾರದ ಹಾಗೆ ನೀರಿನ ತಟ್ಟೆಯಲ್ಲಿಟ್ಟೆ.

ಅಜ್ಜಿ ತಾಳಗುಪ್ಪದಿಂದ ಬಂದವಳೇ ಜಟ್ಟಿಂಗಪ್ಪ ಸಾಗರದಿಂದ ವಾಪಸು ತಂದಿದ್ದ ಕ್ಯಾಸೆಟ್ಟು ಕೇಳಿದಳು. ಮೊದಲ ಸೊಲ್ಲಿಗೇ ಮೊಮ್ಮಗನ ದನಿಯೆಂದು ಗುರುತು ಹಿಡಿದಳು. ಮುಖ ಅರಳಿತು. "ನನ್ ಎಳವೆಯ ದನಿ ಇವ್ನಿಗೆ ಬಂದೈತಲ್ಲೋ," ಎಂದಳು. ಕೊನೆಯ ಸೊಲ್ಲು ಬಂದದ್ದೇ ಕೂತಲ್ಲಿಂದ ಎದ್ದುಬಿಟ್ಟಳು.

"ಹಸೆ ಮೇಲೆ ಹುಡುಗಿ ಇಲ್ಲ, ಮನೆ ಮುಂದೆ ಚಪ್ಪರ ಇಲ್ಲ! ತಿರುಗಿ ನೋಡಬ್ಯಾಡ ಅಂತ ಯಾರಿಗೆ ಹೇಳ್ದ್ಯಾ ನೀನು?"

"ಮದುವೇಲಿ ನೀವೆಲ್ಲ ಹಾಡ್ತೀರಲ್ಲ ಅಜ್ಜಿ. ಕೇಳಿದ್ದೆ, ಹಾಡ್ದೆ."

"ಹೊರಗೆ ನಿಂತು ಕೇಳ್ದೋರ ಹಣೇಬರಹವೇ ಇಷ್ಟು!"

ಅಪ್ಪನ ಏರ್ಪಾಡು ಕೇಳಿ ಅಜ್ಜಿ ಇನ್ನೂ ಸಿಡಿದಳು. "ಮಂಜಾ, ಇದು ಕಳ್ತನ ಕಣಾ."

"ಅವ್ವಾ, ನೀ ಸುಮ್ನಿರು. ಇವ್ಳಿಗೆ ಇನ್ನೊಂದು ಸಂಬಂಧ ಎಲ್ಲಿಂದ ತರ್ಲಿ? ನೀ ಕಲ್ಸು."

ಆ ತಿಂಗಳೆಲ್ಲ ಕಲಿತೆ. ರೊಟ್ಟಿ ತಟ್ಟುವಾಗ, ಬಟ್ಟೆ ಒಗೆಯುವಾಗ, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುವಾಗ. ಅಣ್ಣ ಪವರ್ ಹೌಸಿಗೆ ಅರ್ಜಿ ಕೊಟ್ಟ. ಆರ್ಕೆಸ್ಟ್ರಾ ನಿಂತಿತು. ಡಾಲ್ಡಾ ಡಬ್ಬದ ಚರ್ಮ ಬಿಚ್ಚಿ ಅಮ್ಮ ಅದರಲ್ಲಿ ಹುಣಸೆಹಣ್ಣು ತುಂಬಿದಳು. ಸಂಜೆ ಅಣ್ಣ ಹಿಂಬಾಗಿಲಲ್ಲಿ ಕೂತು ನನಗೆ ಸಾಲು ಸಾಲಾಗಿ ಹೇಳಿಕೊಡುತ್ತಿದ್ದ. ಅವನು ಹೇಳಿದಾಗ ಇಂಪಾಗಿದ್ದ ಪದ ನನ್ನ ಬಾಯಿಗೆ ಬಂದ ಕೂಡಲೇ ಬಾವಿಗೆ ಬಿದ್ದ ಕೊಡದಂತೆ ಸದ್ದು ಮಾಡುತ್ತಿತ್ತು.

"ಎಮ್ಮೆ ಕರ ಹಾಕೋಕೂ ಇಷ್ಟ್ ಕಷ್ಟ ಪಡಲ್ಲ," ಎಂದಳು ಅಜ್ಜಿ. ಆಮೇಲೆ ತಲೆ ಸವರಿದಳು. "ನಿನ್ನ ತಪ್ಪಲ್ಲ ಮಗಾ. ಬರಬೇಕು ಅಂದ್ರೆ ಬರ್ತದಾ?"

"ನಾನೇ ಹೋಗಿ ಹೇಳ್ಬಿಡ್ತೀನಿ," ಎಂದ ಅಣ್ಣ.

"ಹೇಳಾ," ಎಂದೆ.

ಅವನು ಹೋಗಲಿಲ್ಲ. ಮರುದಿನವೂ ಹೇಳುತ್ತೇನೆಂದ. ಅವನಿಗೆ ಅಪ್ಪನ ಭಯವೋ, ಜನ ನಗುವ ಭಯವೋ, ಅಥವಾ ನನ್ನ ಮದುವೆ ತಪ್ಪಿಸಿದವನಾಗುತ್ತೇನೆಂಬ ಭಯವೋ. ಅನ್ನ ಕಲಸಿಟ್ಟು ಹಾಗೇ ಎದ್ದುಬಿಡುತ್ತಿದ್ದ.

ಅವರು ಬರುವ ದಿನ ಬೆಳಗ್ಗೆ ಅಮ್ಮ ಸುಣ್ಣ, ಬೆಲ್ಲ ಕಲಸಿ ನನ್ನ ಗಂಟಲಿಗೆ ಹಚ್ಚಿ ಬಟ್ಟೆ ಸುತ್ತಿದಳು. ಅಪ್ಪನ ಹೊಸ ಉಪಾಯ. ಗಂಟಲು ಕಟ್ಟಿದೆ ಎಂದರೆ ಹಾಡಿಸುವುದಿಲ್ಲ. ಒಲೆಯ ಮೇಲೆ ಕೋಳಿ ಸಾರು, ಪಾತ್ರೆ ತುಂಬ ಕಡುಬು. ಸುಣ್ಣ ಒಣಗಿ ಚರ್ಮ ಎಳೆಯುತ್ತಿತ್ತು.

ಗುತ್ಯಮ್ಮ, ಹೂವಪ್ಪ, ಹೂವಪ್ಪನ ಸೋದರಮಾವ ಮೂವರು ಬಂದರು. ಹೂವಪ್ಪನನ್ನು ಕಂಡಕೂಡಲೇ ತಾಮ್ರದ ತಂತಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದವನೆಂದು ಗುರುತಾಯಿತು. ಈಗ ಕಣ್ಣು ತೆರೆದಿದ್ದ. ನನ್ನ ಮುಖ ನೋಡಲಿಲ್ಲ, ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು ಪಾನಕ ಕೊಟ್ಟೆ. ಬಾಯಿ ಬಿಡಲಿಲ್ಲ.

"ಎಂತ, ಗಂಟಲಿಗೆ?" ಗುತ್ಯಮ್ಮನವರ ಮಾತು ಒಣ ಎಲೆ ಉಜ್ಜಿದಂತೆ ಸಣ್ಣಗೆ, ಒರಟಾಗಿ ಬರುತ್ತಿತ್ತು.

"ತಂಡಿ ಕಣ್ರೀ," ಎಂದ ಅಪ್ಪ. "ಹಾಡಿ ಹಾಡಿ ಕಟ್ಕಂಡೈತೆ. ಎಷ್ಟ್ ಹೇಳಿದ್ರೂ ಕೇಳಲ್ಲ."

"ನಂಗೂ ಗಂಟಲು, ನಿಂಗೂ ಗಂಟಲು. ಚೆನ್ನಾಗೈತೆ ಜೋಡಿ." ಅವರು ನಕ್ಕು ನನ್ನನ್ನು ಹತ್ತಿರ ಕೂರಿಸಿಕೊಂಡರು. "ಹಾಡ್ಬ್ಯಾಡ ಬಿಡು. ಒಂದ್ ಮಾತು ಹೇಳು ಸಾಕು. ಹಸೆ ಪದದ ಕೊನೇ ಸೊಲ್ಲು ನಿಂಗೆ ಯಾರು ಹೇಳ್ಕೊಟ್ರು?"

"ಅವ್ಳ ಅಜ್ಜಿ," ಎಂದ ಅಪ್ಪ ಥಟ್ಟನೆ.

"ನಾನಾ?" ಗೋಡೆಗೊರಗಿದ್ದ ಅಜ್ಜಿ ನೆಟ್ಟಗಾದಳು. "ನಾನು ಕೊನೇ ಸೊಲ್ಲು ಮನೇಲಿ ಹೇಳ್ಕೊಡ್ತೀನಾ? ಮಂಜಾ, ನಿನ್ ಸುಳ್ಳಿಗೆ ನನ್ ಪದ ಮುಟ್ಟಬ್ಯಾಡ!"

"ಅವ್ವಾ!"

ಹೂವಪ್ಪನ ಮಾವ ಪಾನಕದ ಲೋಟ ಕೆಳಗಿಟ್ಟ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಅಣ್ಣ, ಕೈಯಲ್ಲಿ ಬಾಳೆ ಎಲೆಯ ಕಟ್ಟು. ಅವನು ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಸದ್ದು ಬರಲಿಲ್ಲ.

"ಹಾಡಿದ್ದು ನಾನಲ್ಲ," ಎಂದೆ. "ನಮ್ಮಣ್ಣ."

ಹೂವಪ್ಪ ಮೊದಲು ನನ್ನನ್ನು ನೋಡಿದ. ಆಮೇಲೆ ಅಣ್ಣನನ್ನು. ಕಿವಿಯಿಂದ ಕುತ್ತಿಗೆಯವರೆಗೆ ಕೆಂಪಾಗಿ, ಎದ್ದು ಸೀದಾ ಹೊರಗೆ ಹೋದ. ಬೀದಿ ನಲ್ಲಿ ಬಿಟ್ಟ ಸದ್ದು ಕೇಳಿತು.

"ಇವಳ ಮಾತು ನಂಬಬ್ಯಾಡ್ರಿ, ಹೆದ್ರಿಕೊಂಡು ಎಂತೆಂತದೋ..." ಎಂದ ಅಪ್ಪ.

ಗುತ್ಯಮ್ಮ ಕೈ ಎತ್ತಿ ಅವನನ್ನು ನಿಲ್ಲಿಸಿದರು. "ಮದುವೆ ಮನೇಲಿ ಹೊರಗೆ ನಿಂತು ಕೇಳಿ ಕಲ್ತೋರ ಬಾಯಲ್ಲೇ ಕೊನೇ ಸೊಲ್ಲೂ ಬರೋದು ಅಂತ ಕ್ಯಾಸೆಟ್ಟು ಕೇಳ್ದಾಗ್ಲೇ ನಂಗೆ ಅನುಮಾನ. ಗಂಡು ಅಂತ ಮಾತ್ರ ಕನಸಲ್ಲೂ ಎಣಿಸಿರ್ಲಿಲ್ಲ." ಅಣ್ಣನ ಕಡೆ ತಿರುಗಿದರು. "ಹಾಡಾ. ಕೊನೇದು ಬಿಟ್ಟು ಹಾಡು."

ಅಣ್ಣ ಅಪ್ಪನನ್ನು ನೋಡಿದ. ಅಪ್ಪ ನೆಲ ನೋಡಿದ. ಎಲೆಯ ಕಟ್ಟು ಎದೆಗವಚಿಕೊಂಡೇ ಅಣ್ಣ ಹಾಡಿದ. ಹಂಡೆಯಿಲ್ಲದೆ, ಡಬ್ಬವಿಲ್ಲದೆ ಅಷ್ಟು ಚೆನ್ನಾಗಿ ಅವನು ಹಾಡಿದ್ದನ್ನು ನಾನೂ ಕೇಳಿರಲಿಲ್ಲ. ಗುತ್ಯಮ್ಮನವರ ತುಟಿ ಅವನ ಜೊತೆಗೇ ಆಡುತ್ತಿತ್ತು, ಸದ್ದಿರಲಿಲ್ಲ. ಕೊನೆಯ ಸೊಲ್ಲಿಗೆ ಮುಂಚೆ ಅವನು ನಿಲ್ಲಿಸಿದಾಗ ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

"ಊಟ ಮಾಡ್ಕಂಡ್ ಹೋಗಿ," ಅಮ್ಮ ಅಳುದನಿಯಲ್ಲಿ ಹೇಳಿದಳು.

"ಉಣ್ಣಂಗಿಲ್ಲ ತಂಗೀ. ಉಂಡ್ರೆ ಮಾತು ಕೊಟ್ಟಂಗೆ. ಈ ಸುದ್ದಿ ಬಾಯಿಂದ ಬಾಯಿಗೆ ಹೋಗ್ತದೆ. ಯಾರ ದನೀಗೆ ಮರುಳಾಗಿದ್ದ ಅಂತ ನನ್ ಮಗನ್ನ ಸಾಗರದಾಗೆ ಆಡ್ಕಂತಾರೆ. ದಿನಾ ಇವಳ ಮುಖ ನೋಡ್ದಾಗ ಅದೇ ನೆನಪಾಗ್ತದೆ ಅವ್ನಿಗೆ. ಹುಡುಗಿ ಮೇಲೆ ನಂಗೆ ಸಿಟ್ಟಿಲ್ಲ."

ನನ್ನ ಗಂಟಲ ಬಟ್ಟೆಯನ್ನು ಅವರೇ ಬಿಚ್ಚಿ ಮಡಿಸಿ ನನ್ನ ಕೈಗಿಟ್ಟು ಹೋದರು. ಹೊರಗೆ ಹೂವಪ್ಪ ತಲೆಯಿಂದ ನೀರು ಸುರಿಸಿಕೊಂಡು ನಿಂತಿದ್ದ. ತಿರುಗಿ ನೋಡದೆ ಅವರ ಹಿಂದೆ ನಡೆದ.

ಬಾಗಿಲಲ್ಲಿ ಪಕ್ಕದ ಮನೆಯವರ ತಲೆಗಳು ಕಂಡವು. ಅಪ್ಪ ಈ ಸಲ ಬಾಗಿಲು ಹಾಕಲಿಲ್ಲ. ಹಾಕುವಷ್ಟು ಶಕ್ತಿ ಇದ್ದಂತೆ ಕಾಣಲಿಲ್ಲ. ನಡುಮನೆಯಲ್ಲಿ ನಿಂತು ನನ್ನ ಕಡೆ ತಿರುಗಿದ.

"ಹುಟ್ಟಿದಾಗಿಂದ ನಾಕು ಮಾತು ಆಡಿದವಳಲ್ಲ. ಇವತ್ತೊಂದು ದಿನ ಸುಮ್ನೆ ಇರೋಕೆ ಎಂತ ಆಗಿತ್ತು ನಿಂಗೆ? ಸುಮ್ನೆ ಇದ್ದಿದ್ರೆ ಮದುವೆ ಆಗಿಹೋಗ್ತಿತ್ತು!"

"ಯಾರ್ದು?" ಎಂದೆ.

"ಯಾರ್ದು ಅಂದ್ರೆ? ನಿಂದು!"

"ನಂದಲ್ಲಪ್ಪ. ಅಣ್ಣಂದು."

ಅಮ್ಮ ಹಾ ಎಂದು ಬಾಯಿಗೆ ಕೈ ಒತ್ತಿಕೊಂಡಳು. ಅಪ್ಪನ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಲಿಲ್ಲ. ಗೋಡೆಯ ಬುಡದಿಂದ ಕಿರ್ರ್ ಎಂಬ ಸದ್ದು ಬಂತು. ಅಜ್ಜಿ ಅಳುತ್ತಿದ್ದಾಳೆ ಎಂದುಕೊಂಡೆವು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಎಲೆಯ ಕಟ್ಟು ಅಣ್ಣನ ಕೈಯಿಂದ ಜಾರಿತು. ಅವನು ಅಳುತ್ತ ನಗುತ್ತ ಅಲ್ಲೇ ಕುಸಿದು ಕೂತ.

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಅಪ್ಪನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿದ್ದು, ಕೊನೆಗೆ ತನ್ನ ತಲೆಯ ಮೇಲೆಯೇ ಇಟ್ಟುಕೊಂಡು, ನನ್ನನ್ನೇ ನೋಡುತ್ತ ನಿಂತ.